ಪುನರ್ಪುಳಿ ಶರಬತ್ತು, ಅರಿಶಿನದ ಕ್ಯಾಪ್ಸೂಲ್ ಮತ್ತು ಕರುಳಿನ ಗಡ್ಡೆ

ಪ್ರಶ್ನೆ: ಡಾಕ್ಟರರೇ, ನಮಸ್ಕಾರ. ನನ್ನ ತಂದೆಗೆ 58 ವರ್ಷ. ಕಳೆದ ತಿಂಗಳು ದೊಡ್ಡ ಕರುಳಿನಿಂದ ಒಂದೂವರೆ ಸೆಂಟಿಮೀಟರಿನ ಪಾಲಿಪ್ (ಒಳಗೋಡೆಯಲ್ಲಿ ಬೆಳೆದ ಗಡ್ಡೆ) ತೆಗೆದರು. ಬಯಾಪ್ಸಿಯಲ್ಲಿ ಅಡಿನೋಮಾ, ಅಂದರೆ ಮುಂದೆ ಕ್ಯಾನ್ಸರಾಗಬಹುದಾದ ಗಡ್ಡೆ, ಎಂದು ಬಂದಿದೆ. ಈಗ ಕ್ಯಾನ್ಸರ್ ಅಲ್ಲ. ಕೆಂಪು, ಹಳದಿ ಬಣ್ಣದ ಪದಾರ್ಥಗಳು ಗಡ್ಡೆ ಕರಗಿಸುತ್ತವೆ ಎಂದು ದೊಡ್ಡಮ್ಮ ದಿನಕ್ಕೆ ಎರಡು ಲೋಟ ಪುನರ್ಪುಳಿ ಶರಬತ್ತು ಕೊಡುತ್ತಿದ್ದಾರೆ. ಅರಿಶಿನದ ಕ್ಯಾಪ್ಸೂಲನ್ನೂ ತರಿಸಿದ್ದಾರೆ. ಮುಂದುವರಿಸಬಹುದೇ?

ಉತ್ತರ: ಮೊದಲು ಶರಬತ್ತು ನಿಲ್ಲಿಸಿ. ಪುನರ್ಪುಳಿಯ ಮೇಲೆ ನನಗೆ ದೂರಿಲ್ಲ. ಅದಕ್ಕೆ ಕೆಂಪು ಕೊಡುವ ಆಂಥೋಸಯಾನಿನ್ ವರ್ಗದ ಬಣ್ಣಗಳು ಇಲಿಗಳ ಕರುಳಿನ ಗಡ್ಡೆಗಳನ್ನು ತಗ್ಗಿಸಿದ್ದುಂಟು. ದೂರು ಲೋಟದಲ್ಲಿ ಕರಗಿರುವ ಸಕ್ಕರೆಯ ಮೇಲೆ.

ಸಕ್ಕರೆಯಲ್ಲಿ ಅರ್ಧ ಫ್ರಕ್ಟೋಸ್ ಎಂಬ ಸಿಹಿ. 2019ರಲ್ಲಿ ಅಮೆರಿಕದ ವಿಜ್ಞಾನಿಗಳು ಎಪಿಸಿ ಎಂಬ ಜೀನ್ ಕೆಟ್ಟಿದ್ದ ಇಲಿಗಳಿಗೆ ಫ್ರಕ್ಟೋಸ್ ಹೆಚ್ಚಿರುವ ಜೋಳದ ಪಾಕವನ್ನು ದಿನವೂ ಕುಡಿಸಿದರು. ಮನುಷ್ಯರ ಬಹುಪಾಲು ಅಡಿನೋಮಾಗಳಲ್ಲಿ ಕೆಟ್ಟಿರುವುದೂ ಇದೇ ಜೀನ್. ಕುಡಿಸಿದ ಪ್ರಮಾಣ ನಮ್ಮ ಲೆಕ್ಕದಲ್ಲಿ ದಿನಕ್ಕೊಂದು ಕ್ಯಾನ್ ತಂಪುಪಾನೀಯದಷ್ಟು. ಇಲಿಗಳು ದಪ್ಪಗಾಗಲಿಲ್ಲ, ಗಡ್ಡೆಗಳು ಮಾತ್ರ ಹಿಗ್ಗಿದವು. ಫ್ರಕ್ಟೋಸನ್ನು ಮೊದಲು ಒಡೆಯಲು ತೊಡಗುವ ಕೀಟೋಹೆಕ್ಸೊಕೈನೇಸ್ ಕಿಣ್ವವೇ ಇಲ್ಲದ ಇಲಿಗಳಲ್ಲಿ ಹಾಗಾಗಲಿಲ್ಲ. ಇಲಿಗೆ ಆದದ್ದೆಲ್ಲ ಮನುಷ್ಯರಿಗೂ ಆಗಬೇಕೆಂದಿಲ್ಲ, ನಿಜ. ಆದರೆ ಒಮ್ಮೆ ಅಡಿನೋಮಾ ಬೆಳೆಸಿದ ಕರುಳಿಗೆ ದಿನಕ್ಕೆರಡು ಲೋಟ ಸಕ್ಕರೆ ನೀರು ಖಂಡಿತ ಬೇಡ.

ಅರಿಶಿನದ ಮೇಲೆ ಒಂದು ಕಾಲಕ್ಕೆ ನಾನೂ ಬಹಳ ಆಸೆ ಇಟ್ಟಿದ್ದೆ. 2006ರಲ್ಲಿ ವಂಶಪಾರಂಪರ್ಯ ಪಾಲಿಪ್ ಕಾಯಿಲೆಯ ಐವರಿಗೆ ಅರಿಶಿನದ ಕರ್ಕ್ಯುಮಿನ್ ಜೊತೆ ಈರುಳ್ಳಿಯಲ್ಲಿರುವ ಕ್ವೆರ್ಸಿಟಿನ್ ಕೊಟ್ಟಾಗ, ಆರು ತಿಂಗಳಲ್ಲಿ ಪಾಲಿಪ್‌ಗಳ ಸಂಖ್ಯೆ ಸರಾಸರಿ ಶೇಕಡಾ 60ರಷ್ಟು ಇಳಿದಿತ್ತು. 2018ರಲ್ಲಿ ಅದೇ ಕಾಯಿಲೆಯ 44 ಜನರ ಮೇಲೆ ಪ್ರಯೋಗ ನಡೆಯಿತು. ಒಂದು ವರ್ಷ ದಿನಕ್ಕೆ 3 ಗ್ರಾಂ ಕರ್ಕ್ಯುಮಿನ್ ನುಂಗಿದವರಿಗೂ ಹುಸಿ ಮಾತ್ರೆ ನುಂಗಿದವರಿಗೂ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. 3 ಗ್ರಾಂ ಎಂದರೆ ಸುಮಾರು 100 ಗ್ರಾಂ ಅರಿಶಿನ ಪುಡಿಯ ಸತ್ವ! ಅಡುಗೆಯ ಚಿಟಿಕೆ ಅರಿಶಿನ ಇರಲಿ, ಕ್ಯಾಪ್ಸೂಲ್ ಬೇಡ. ಅದರಿಂದ ಯಕೃತ್ತಿಗೆ ಪೆಟ್ಟಾದ ಪ್ರಕರಣಗಳಿವೆ.

ಪ್ರಶ್ನೆ: ಸಕ್ಕರೆಯ ಬದಲು ಬೆಲ್ಲ ಹಾಕಿದರೆ?

ಉತ್ತರ: ಬೆಲ್ಲದಲ್ಲಿಯೂ ಬಹುಪಾಲು ಅದೇ ಸುಕ್ರೋಸ್, ಅಂದರೆ ಸಕ್ಕರೆಯೇ. ದೊಡ್ಡಮ್ಮನವರಿಗೆ ಬೇಸರವಾಗದಂತೆ ಹೇಳಿ: ಪುನರ್ಪುಳಿಯ ಸಾರು ಮಾಡಲಿ, ಬಣ್ಣ ಅದರಲ್ಲಿಯೂ ಇದೆ. ಹಣ್ಣನ್ನು ಇಡಿಯಾಗಿ ತಿನ್ನಬಹುದು. ನಾರಿನೊಂದಿಗೆ ನಿಧಾನವಾಗಿ ಬರುವ ಸಿಹಿಯನ್ನು ಸಣ್ಣ ಕರುಳು ನಿಭಾಯಿಸುತ್ತದೆ. ಗಟಗಟನೆ ಕುಡಿದರೆ ಮಿಕ್ಕಿದ್ದು ದೊಡ್ಡ ಕರುಳಿಗೆ ಇಳಿಯುತ್ತದೆ.

ನೀವು ಕೇಳದಿದ್ದರೂ ಹೇಳಬೇಕು. ಪಾಲಿಪ್ ಇಷ್ಟು ದೊಡ್ಡದಿದ್ದುದರಿಂದ ಮೂರು ವರ್ಷಕ್ಕೆ ತಂದೆಯವರಿಗೆ ಮತ್ತೆ ಕೊಲೊನೋಸ್ಕೊಪಿ (ದೊಡ್ಡ ಕರುಳಿನೊಳಗೆ ಕ್ಯಾಮೆರಾ ಬಿಟ್ಟು ನೋಡುವ ಪರೀಕ್ಷೆ) ಆಗಲೇಬೇಕು. ಅವರ ಒಡಹುಟ್ಟಿದವರಿಗೆ ಮತ್ತು ಮಕ್ಕಳಿಗೆ 40 ತುಂಬುತ್ತಲೇ ಮಾಡಿಸಬೇಕು.

ಪ್ರಶ್ನೆ: ಚಿಕ್ಕಪ್ಪನಿಗೆ 52. ಹೊಟ್ಟೆಯ ತೊಂದರೆ ಏನೂ ಇಲ್ಲ. ಅವರಿಗೂ ಬೇಕೇ?

ಉತ್ತರ: ಬೇಕು. ಈ ತಿಂಗಳೇ ಕರೆದುಕೊಂಡು ಹೋಗಿ.