ಅಗ್ನಿವೀರನಾಗಲೋ, ಪದವಿ ಮುಗಿಸಿ ಅಧಿಕಾರಿಯಾಗಲೋ?

ಪ್ರಶ್ನೆ: ಬಿ.ಎಸ್ಸಿ. ಎರಡನೇ ವರ್ಷದಲ್ಲಿದ್ದೇನೆ, ಎನ್‌ಸಿಸಿಯಲ್ಲೂ ಇದ್ದೇನೆ. ಮನೆಗೆ ಈಗಲೇ ಸಂಬಳ ಬೇಕು, ಸೇನೆಯ ಅಗ್ನಿವೀರ ನೇಮಕಾತಿಗೆ ಹೋಗು ಎನ್ನುತ್ತಾರೆ ಅಪ್ಪ. ನನಗೋ ಭುಜದ ಮೇಲೆ ನಕ್ಷತ್ರ ಹೊರುವ ಆಸೆ. ಏನು ಮಾಡಲಿ?

ಉತ್ತರ 1: ತಮ್ಮಾ, ದಯವಿಟ್ಟು ಕಾಲೇಜು ಬಿಡಬೇಡ. ಎನ್‌ಸಿಸಿಯ ‘ಸಿ’ ಪ್ರಮಾಣಪತ್ರದಲ್ಲಿ ಕನಿಷ್ಠ ‘ಬಿ’ ಶ್ರೇಣಿ, ಪದವಿಯಲ್ಲಿ ಶೇ 50 ಅಂಕವಿದ್ದರೆ ಎನ್‌ಸಿಸಿ ವಿಶೇಷ ಪ್ರವೇಶದ ಮೂಲಕ ಸೇನಾಧಿಕಾರಿಯಾಗಲು ಲಿಖಿತ ಪರೀಕ್ಷೆಯೇ ಇಲ್ಲ. ಆದರೆ ಎಸ್‌ಎಸ್‌ಬಿ (ಸೇನಾಧಿಕಾರಿಗಳನ್ನು ಆರಿಸುವ ಮಂಡಳಿ) ಸಂದರ್ಶನದಲ್ಲಿ ಐದು ದಿನ ಜರಡಿ ಹಿಡಿಯುತ್ತಾರೆ. ನಾನು ಹೋಗಿದ್ದಾಗ ನಮ್ಮ ತಂಡಕ್ಕೆ ಹಲಗೆ, ಹಗ್ಗ, ದಿಮ್ಮಿ ಕೊಟ್ಟು ಅಡೆತಡೆ ದಾಟಿ ಎಂದರು. ಕೂಗಾಡಿದವರಿಂದ ಕೆಲಸ ಸಾಗಲಿಲ್ಲ. ಹಗ್ಗದ ಗಂಟು ಸಡಿಲವಿದೆ ಎಂದು ಮೆಲ್ಲಗೆ ಹೇಳಿದ ಹುಡುಗನಿಂದ ಸಾಗಿತು.

ಉತ್ತರ 2: ಸಂಬಳ ತುರ್ತಾದರೆ ಅಗ್ನಿವೀರ ಕೀಳಲ್ಲ. ಆದರೆ ನಾಲ್ಕು ವರ್ಷದ ಬಳಿಕ ಶೇ 25ರವರೆಗೆ ಮಾತ್ರ ಕಾಯಂ ಅವಕಾಶ. ಅದನ್ನು ಅಪ್ಪನಿಗೆ ಬಿಡಿಸಿ ಹೇಳಿ.