ಪದಚರ್ಚೆ: ‘ಕಂಟ್ರೋಲ್’ ಗಿಡಕ್ಕೆ ಕನ್ನಡದಲ್ಲಿ ಏನನ್ನೋಣ?

ಗೆಳೆಯರೆ,

ಹೈಸ್ಕೂಲ್ ಮಕ್ಕಳಿಗಾಗಿ ಜೀವಶಾಸ್ತ್ರದ ಪ್ರಯೋಗಗಳ ಒಂದು ಸಣ್ಣ ಕೈಪಿಡಿ ಬರೆಯುತ್ತಿದ್ದೇನೆ. ಬೀಕರ್, ಸ್ಲೈಡ್, ಪ್ರನಾಳದ ತನಕ ಏನೂ ತೊಂದರೆ ಆಗಲಿಲ್ಲ. ‘ಕಂಟ್ರೋಲ್’ (ಪ್ರಯೋಗದಲ್ಲಿ ಏನೂ ಬದಲಿಸದೆ, ಹೋಲಿಸಿ ನೋಡಲೆಂದೇ ಪಕ್ಕದಲ್ಲಿಡುವುದು) ಹತ್ತಿರ ಬಂದು ಗಾಡಿ ನಿಂತಿದೆ.

ಸಾಮಾನ್ಯವಾಗಿ ಇದಕ್ಕೆ ‘ನಿಯಂತ್ರಣ’, ‘ನಿಯಂತ್ರಿತ’ ಎಂದು ಬರೆಯುತ್ತೇವೆ. ನಾನೂ ಹಾಗೇ ಬರೆದಿದ್ದೆ. ಕರಡು ಓದಿದ ಒಬ್ಬ ಹುಡುಗಿ ‘ನಿಯಂತ್ರಿತ ಗಿಡ’ದ ಪಕ್ಕ ಪೆನ್ಸಿಲ್‌ನಲ್ಲಿ ಕೇಳಿದ್ದಳು: “ಇದಕ್ಕೆ ನಾವು ಏನೂ ಮಾಡಿಲ್ವಲ್ಲ, ಮತ್ತೆ ನಿಯಂತ್ರಿಸಿದ್ದು ಏನನ್ನ?” ಉತ್ತರ ಕೊಡಲು ಹೋಗಿ ನಾನೇ ತಡವರಿಸಿದೆ.

ಪ್ರಯೋಗ ನೋಡಿ. ಎಲೆ ಪಿಷ್ಟ ತಯಾರಿಸಲು ಇಂಗಾಲದ ಡೈಆಕ್ಸೈಡ್ ಬೇಕೇ ಎಂದು ತಿಳಿಯಬೇಕು. ಒಂದೇ ಜಾತಿಯ, ಒಂದೇ ಅಳತೆಯ ಎರಡು ಕುಂಡದ ಗಿಡಗಳನ್ನು ಎರಡು ಮೂರು ದಿನ ಕತ್ತಲಲ್ಲಿಡುತ್ತೇವೆ. ಆಮೇಲೆ ಎರಡಕ್ಕೂ ಗಾಜಿನ ಜಾಡಿ ಕವುಚಿ, ಒಂದರೊಳಗೆ ಮಾತ್ರ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಇಡುತ್ತೇವೆ. ಜಾಡಿಯೊಳಗಿನ ಇಂಗಾಲದ ಡೈಆಕ್ಸೈಡನ್ನು ಅದು ಹೀರಿಕೊಳ್ಳುತ್ತದೆ. ನಂತರ ಎರಡನ್ನೂ ಒಂದೆರಡು ಗಂಟೆ ಬಿಸಿಲಿಗೆ ಇಟ್ಟು, ಎಲೆಗಳಲ್ಲಿ ಪಿಷ್ಟ ಇದೆಯೇ ಎಂದು ಅಯೋಡಿನ್ ಹಾಕಿ ಪರೀಕ್ಷಿಸುತ್ತೇವೆ (ಪಿಷ್ಟ ಇದ್ದರೆ ಕಪ್ಪು ನೀಲಿ ಬಣ್ಣ ಬರುತ್ತದೆ). ಬೆಳಕು, ನೀರು, ಮಣ್ಣು ಎರಡಕ್ಕೂ ಒಂದೇ. ‘ನಿಯಂತ್ರಿತ’ ಎನ್ನಬಹುದಾದರೆ ಈ ಬೆಳಕು, ನೀರುಗಳನ್ನು ಎನ್ನಬೇಕು. ಅವು ಬದಲಾಗದಂತೆ ನೋಡಿಕೊಂಡಿದ್ದೇವಲ್ಲ. ಅವಕ್ಕೆ ‘ನಿಯಂತ್ರಿತ ಚರ’ ಎನ್ನುವುದು ಸರಿಯಾಗೇ ಇದೆ (ಚರ ಅಂದರೆ ಬದಲಾಗುವಂಥದ್ದು, ವೇರಿಯಬಲ್; ಅದನ್ನು ಹಿಡಿದು ನಿಲ್ಲಿಸುವುದು ಸ್ವಲ್ಪ ತಮಾಷೆ, ಇರಲಿ). ಆದರೆ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಇಲ್ಲದ ಆ ಇನ್ನೊಂದು ಗಿಡ? ಅದು ಇರುವುದು ಪಕ್ಕದಲ್ಲಿಟ್ಟು ನೋಡಲು, ಅಷ್ಟೇ.

1668ರಲ್ಲಿ ಇಟಲಿಯ ಫ್ರಾನ್ಸೆಸ್ಕೊ ರೆಡಿ ಪ್ರಕಟಿಸಿದ ಪ್ರಯೋಗದಲ್ಲಿ ಇದು ಇನ್ನೂ ಎದ್ದು ಕಾಣುತ್ತದೆ. ಕೊಳೆತ ಮಾಂಸದಲ್ಲಿ ಹುಳು ತಾನಾಗಿಯೇ ಹುಟ್ಟುತ್ತದೆಯೇ ಎಂದು ನೋಡಲು ಅವರು ಕೆಲವು ಜಾಡಿಗಳ ಬಾಯಿಗೆ ತೆಳು ಬಟ್ಟೆ ಕಟ್ಟಿದರು, ಕೆಲವನ್ನು ತೆರೆದೇ ಇಟ್ಟರು. ನೊಣ ಕೂರಲು ಸಾಧ್ಯವಿದ್ದ ತೆರೆದ ಜಾಡಿಗಳ ಮಾಂಸದಲ್ಲಿ ಮಾತ್ರ ಹುಳು ಆದವು. ಇವತ್ತಿನ ಮಾತಿನಲ್ಲಿ ಆ ತೆರೆದ ಜಾಡಿಯೇ ಕಂಟ್ರೋಲ್. ಬಾಯಿ ಕಟ್ಟಿದ್ದು ಒಂದಕ್ಕೆ, ‘ನಿಯಂತ್ರಿತ’ ಎಂಬ ಹೆಸರು ಇನ್ನೊಂದಕ್ಕೆ! ಮಕ್ಕಳು ಉತ್ತರಪತ್ರಿಕೆಯಲ್ಲಿ ಅದಲು ಬದಲು ಮಾಡಿದರೆ ಅವರ ತಪ್ಪಲ್ಲ.

ಈ ಇಂಗ್ಲಿಷ್ ಪದದ ಬೇರು ಹಳೆಯ ಫ್ರೆಂಚಿನಲ್ಲಿದೆ. ಅಲ್ಲಿ ಅದಕ್ಕೆ ‘ಎದುರು ಸುರುಳಿ’ ಎಂಬ ಅರ್ಥ. ಅಂದರೆ ಲೆಕ್ಕದ ಇನ್ನೊಂದು ಪ್ರತಿ, ಮೂಲ ಲೆಕ್ಕ ಸರಿಯಿದೆಯೇ ಎಂದು ಪಕ್ಕದಲ್ಲಿ ಇಟ್ಟು ನೋಡಲು. ಹತೋಟಿ ಎಂಬ ಅರ್ಥ ಬಂದದ್ದು ಆಮೇಲೆ. ನಾವು ಕನ್ನಡಕ್ಕೆ ತಂದದ್ದು ಆ ಆಮೇಲಿನ ಅರ್ಥವನ್ನು. ಮೊದಲಿನದಕ್ಕೆ ನಮ್ಮಲ್ಲಿ ಎಷ್ಟು ಚೆಂದದ ಮಾತಿದೆ: ತಾಳೆ ನೋಡುವುದು. ಲೆಕ್ಕ ತಾಳೆ ಆಯಿತು, ಸಹಿ ತಾಳೆ ಆಗಲಿಲ್ಲ ಅಂತ ದಿನಾ ಹೇಳುತ್ತೇವೆ.

ಹಾಗಾಗಿ ‘ತಾಳೆ ಜಾಡಿ’, ‘ತಾಳೆ ಪ್ರನಾಳ’ ಎಂದು ಬರೆದುಕೊಂಡು ಹೋದೆ. ಖುಷಿಯಾಯಿತು. ‘ತಾಳೆ ಗಿಡ’ ಎಂದು ಬರೆದ ಕೂಡಲೇ ಖುಷಿ ಜರ್ರನೆ ಇಳಿಯಿತು. ಕುಂಡದಲ್ಲಿ ತಾಳೆಮರ ನೆಡಲು ಹೇಳಿದ ಹಾಗಾಯಿತು! ‘ಹೋಲಿಕೆ ಗಿಡ’ ಅಂದರೆ ನೋಡಲು ಒಂದೇ ಥರ ಇರುವ ಗಿಡ ಎಂದಾಗುತ್ತದೆ. ‘ಮಾದರಿ’ ಆಗಲೇ ಸ್ಯಾಂಪಲ್, ಮಾಡೆಲ್ ಎರಡನ್ನೂ ಹೊತ್ತು ಸುಸ್ತಾಗಿದೆ. ಪಾಸಿಟಿವ್ ಕಂಟ್ರೋಲ್ ಇನ್ನೂ ಕಷ್ಟ. ಅಯೋಡಿನ್ ಕೆಟ್ಟಿಲ್ಲ ಎಂದು ಖಾತ್ರಿ ಮಾಡಿಕೊಳ್ಳಲು ಮೊದಲು ಪಿಷ್ಟದ ದ್ರಾವಣಕ್ಕೇ ಒಂದು ಹನಿ ಬಿಟ್ಟು ನೋಡುತ್ತೇವಲ್ಲ, ಅದು. ‘ಧನ ನಿಯಂತ್ರಣ’ ಎಂದರೆ ಖರ್ಚು ಕಡಿಮೆ ಮಾಡುವ ಪಾಠ ಅನಿಸುತ್ತದೆ.

ಇನ್ನೆರಡು ಸಣ್ಣ ವಿಷಯ. ಗಿಡವನ್ನು ಕತ್ತಲಲ್ಲಿಡುವ ಹಂತಕ್ಕೆ ನನ್ನ ಕರಡಿನಲ್ಲಿ ‘ಪಿಷ್ಟರಹಿತಗೊಳಿಸುವಿಕೆ’ ಎಂಬ ಮಾರುದ್ದದ ಪದವಿತ್ತು. ಅದನ್ನು ಹೊಡೆದು ಹಾಕಿ ‘ಗಿಡವನ್ನು ಉಪವಾಸ ಕೆಡವುವುದು’ ಎಂದು ಬರೆದೆ. ಹೊಸ ಪಿಷ್ಟ ಆಗದೆ, ಎಲೆಯಲ್ಲಿ ಕೂಡಿಟ್ಟದ್ದನ್ನೇ ಕರಗಿಸಿಕೊಂಡು ಬದುಕುವುದು ಉಪವಾಸವೇ ಅಲ್ವಾ?

ಇನ್ನೊಂದು, ‘ವೀಕ್ಷಣೆ’ ಎಂಬ ಕಾಲಂ. ಅದರ ಕೆಳಗೆ ಮಕ್ಕಳು “ಎಲೆಯಲ್ಲಿ ಪಿಷ್ಟ ಕಂಡಿತು” ಎಂದು ಬರೆಯುತ್ತಾರೆ. ಪಿಷ್ಟ ಎಲ್ಲಿ ಕಂಡಿತು? ಬಿಸಿನೀರಿನ ಪಾತ್ರೆಯಲ್ಲಿಟ್ಟು ಕಾಯಿಸಿದ ಆಲ್ಕೋಹಾಲಿನಲ್ಲಿ ಎಲೆ ಹಸಿರು ಬಿಟ್ಟು ಬಿಳಿಚಿಕೊಂಡಿತು, ಮುಟ್ಟಿದರೆ ಮುರಿಯುವಷ್ಟು ಗರಿಗರಿ ಆಯಿತು. ಬಿಸಿನೀರಿಗೆ ಅದ್ದಿದಾಗ ಮೆತ್ತಗಾಯಿತು. ಅಯೋಡಿನ್ ಬಿದ್ದ ಮೇಲೆ ಕಪ್ಪು ನೀಲಿಗೆ ತಿರುಗಿತು. ಕಣ್ಣಿಗೆ ಕಂಡದ್ದು ಇಷ್ಟೇ. ಅದಕ್ಕೆ ಎರಡು ಕಾಲಂಗಳಿಗೆ ‘ಕಂಡದ್ದು’, ‘ತಿಳಿದದ್ದು’ ಎಂದೇ ಹೆಸರಿಟ್ಟಿದ್ದೇನೆ. ಎರಡನೆಯದಕ್ಕೆ ‘ಅನುಮಾನ’ ಎನ್ನಬಹುದಿತ್ತು. ತರ್ಕಶಾಸ್ತ್ರದಲ್ಲಿ ಅದು ಸರಿ (ಕಂಡದ್ದರಿಂದ ಕಾಣದ್ದನ್ನು ತಿಳಿಯುವುದು), ಹತ್ತನೇ ತರಗತಿಯ ಹುಡುಗನಿಗೆ ಮಾತ್ರ ಅನುಮಾನ ಅಂದರೆ ಡೌಟು.

ಈ ಎರಡರ ಬಗ್ಗೆ ತಕರಾರಿದ್ದರೆ ಹೇಳಿ. ಆದರೆ ಜಾಸ್ತಿ ತಲೆ ತಿನ್ನುತ್ತಿರುವುದು ಆ ತಾಳೆಯೇ. ‘ತಾಳೆನೋಟದ ಗಿಡ’ ಎಂದರೆ ಉದ್ದವಾಯ್ತಾ? ಕನ್ನಡದಲ್ಲಿ ಪ್ರಯೋಗ ಮಾಡಿಸುವವರು ಪುಸ್ತಕದಲ್ಲಿ ಇರುವುದನ್ನು ಬಿಡಿ, ಆ ಎರಡನೇ ಕುಂಡದ ಕಡೆ ಕೈ ತೋರಿಸುವಾಗ ನಿಮ್ಮ ಬಾಯಿಗೆ ಬರುವ ಮಾತು ಯಾವುದೋ ಅದನ್ನು ಬರೆಯಿರಿ.