ಫೋರ್ಕ್ ಆಯಿಲ್ ‘ಹೋಗಿದೆ’ ಅಂದರೆ ಯಾವ ಅರ್ಥ?

ಎಲ್ಲರಿಗೂ ನಮಸ್ಕಾರ,

ಬೈಕ್ ಓಡಿಸುವವರಿಗಾಗಿ ಕನ್ನಡದಲ್ಲಿ ಒಂದು ಚಿಕ್ಕ ಕೈಪಿಡಿ ಬರೆಯುತ್ತಿದ್ದೇನೆ. ಮುಂದಿನ ಫೋರ್ಕ್‌ನ ಆಯಿಲ್ ಯಾವಾಗ ಬದಲಿಸಬೇಕು ಅನ್ನುವ ಪುಟದಲ್ಲಿ ಕೆಲವು ಪದಗಳು ತೊಡಕಾಗಿವೆ. (ಫೋರ್ಕ್ ಅಂದರೆ ಮುಂದಿನ ಚಕ್ರವನ್ನು ಹಿಡಿದಿರುವ ಜೋಡಿ ಕೊಳವೆ; ಅದರೊಳಗಿನ ಸ್ಪ್ರಿಂಗ್ ಕುಣಿಯುತ್ತಲೇ ಇರದಂತೆ ಈ ಆಯಿಲ್ ತಡೆಯುತ್ತದೆ.)

ಮುಖ್ಯವಾದದ್ದು ‘ಹೋಗಿದೆ’. ಮೆಕ್ಯಾನಿಕ್‌ಗಳೂ ಸವಾರರೂ “ಫೋರ್ಕ್ ಆಯಿಲ್ ಹೋಗಿದೆ” ಅಂತಲೇ ಹೇಳುತ್ತಾರೆ. ಸೋರಿ ಹೋಗಿದೆ ಅನ್ನುವುದಕ್ಕೂ ಅದೇ ಮಾತು, ಬಲ್ಬ್ ಹೋಗಿದೆ ಅಂದಹಾಗೆ ಕೆಟ್ಟಿದೆ ಅನ್ನುವುದಕ್ಕೂ ಅದೇ ಮಾತು. ಮಾತಿನಲ್ಲಿ ನಡೆಯುತ್ತದೆ, ಬೈಕ್ ಎದುರಿಗೇ ನಿಂತಿರುತ್ತೆ ಅಲ್ವಾ. ಬರಹದಲ್ಲಿ ಓದುವವರು ಏನಂತ ತಿಳಿಯಬೇಕು?

ಎರಡಕ್ಕೂ ಮಾಡಬೇಕಾದ ಕೆಲಸ ಬೇರೆ. ಸೋರಿದ್ದರೆ ಫೋರ್ಕ್‌ನ ಹೊಳೆಯುವ ಪೈಪಿನ ಮೇಲೆ ಎಣ್ಣೆಯ ಉಂಗುರ ಮೂಡಿ, ಅದಕ್ಕೆ ಧೂಳು ಮೆತ್ತಿರುತ್ತದೆ. ಆಗ ಸೀಲ್ (ಎಣ್ಣೆ ಹೊರಬರದಂತೆ ತಡೆಯುವ ರಬ್ಬರ್ ಬಳೆ) ಬದಲಿಸಬೇಕು, ಸುಮ್ನೆ ಆಯಿಲ್ ತುಂಬಿ ಪ್ರಯೋಜನವಿಲ್ಲ. ಆ ಎಣ್ಣೆ ಬ್ರೇಕ್ ಡಿಸ್ಕಿಗೆ ಇಳಿದರಂತೂ ಅಪಾಯ. ಇನ್ನೊಂದು ಅರ್ಥದಲ್ಲಿ ‘ಹೋಗಿದ್ದರೆ’ ಹೊರಗೆ ಏನೂ ಕಾಣುವುದಿಲ್ಲ, ಒಂದು ಹನಿಯೂ ಕಡಿಮೆಯಾಗಿರುವುದಿಲ್ಲ. ಒಳಗಿನ ಸ್ಪ್ರಿಂಗ್, ಬುಷ್ (ಪೈಪುಗಳ ನಡುವಿನ ಬಳೆ) ಉಜ್ಜಿ ಸವೆದ ಲೋಹದ ಪುಡಿ ಆಯಿಲ್‌ಗೆ ಬೆರೆತಿರುತ್ತದೆ. ಎಂಜಿನ್‌ಗೆ ಇರುವಂಥ ಫಿಲ್ಟರ್ ಇಲ್ಲಿಲ್ಲ, ಹಾಗಾಗಿ ಕೊಳೆ ಅಲ್ಲೇ ಉಳಿಯುತ್ತದೆ. ಬಿಚ್ಚಿ ಸುರಿದರೆ ಬೂದು ಬಣ್ಣ, ಕೆಟ್ಟ ನಾತ. ಬೆರಳಿಗೆ ಸವರಿಕೊಂಡು ಬೆಳಕಿಗೆ ಹಿಡಿದರೆ ಪುಡಿ ಮಿನುಗುತ್ತದೆ. ಬ್ರೇಕ್ ಹಿಡಿದಾಗ ಮುಂಭಾಗ ದಡಕ್ಕನೆ ಕುಸಿಯುವುದು, ಗುಂಡಿ ದಾಟಿದ ಮೇಲೂ ಕುಣಿಯುತ್ತಲೇ ಇರುವುದು ಇದರ ಲಕ್ಷಣ. ದಿನದಿಂದ ದಿನಕ್ಕೆ ನಿಧಾನವಾಗಿ ಆಗುವುದರಿಂದ ಓಡಿಸುವವರಿಗೆ ಗೊತ್ತೇ ಆಗುವುದಿಲ್ಲ. ಆದ್ದರಿಂದಲೇ ಈ ಪದ ಸ್ಪಷ್ಟವಾಗಿರಲೇಬೇಕು ಅನ್ನುವುದು ನನ್ನ ಹಟ.

ಮೊದಲನೆಯದಕ್ಕೆ ‘ಸೋರಿದೆ’ ಸಾಕು. ಎರಡನೆಯದಕ್ಕೆ ‘ಕೆಟ್ಟಿದೆ’ ಅಂದರೆ ಕೆಲಸವೇ ನಿಂತಿದೆ ಅನಿಸುತ್ತದೆ. ‘ಹಳತಾಗಿದೆ’ ಅಂದರೆ ಇನ್ನೂ ಸ್ವಲ್ಪ ದಿನ ನಡೆಯಲಿ ಅಂತ ಬಿಟ್ಟುಬಿಡುತ್ತಾರೆ. ‘ಕಸುವು ಹೋಗಿದೆ’ ನನಗೆ ಹಿಡಿಸಿದೆ. ಆಯಿಲ್ ಅಷ್ಟೇ ಇದೆ, ಕಸುವಿಲ್ಲ.

ಇನ್ನೊಂದು ‘ಅಥವಾ’. ಅವಧಿ ಬೈಕಿನಿಂದ ಬೈಕಿಗೆ ಬೇರೆ, ಆಯಾ ಬೈಕಿನ ಪುಸ್ತಕವನ್ನೇ ನೋಡಬೇಕು. ಸಾಮಾನ್ಯವಾಗಿ “20,000 ಕಿ.ಮೀ. ಅಥವಾ 2 ವರ್ಷ” ಅಂತ ಬರೆಯುತ್ತಾರೆ. ಓದಿದವರು ಎರಡರಲ್ಲಿ ತಮಗೆ ಅನುಕೂಲವಾದದ್ದನ್ನು ಆರಿಸಿಕೊಳ್ಳಬಹುದು ಅಂದುಕೊಳ್ಳುತ್ತಾರೆ. ಕಡಿಮೆ ಓಡಿಸುವವರು ಕಿಲೋಮೀಟರನ್ನೇ ಹಿಡಿದು ಕೂತರೆ ಆಯಿಲ್ ವರ್ಷಗಟ್ಟಲೆ ಒಳಗೇ ಇರುತ್ತದೆ. ‘ಯಾವುದು ಮೊದಲೋ ಅದು’ ಅಂತ ಸೇರಿಸುವುದು ರೂಢಿ, ಆದರೆ ಅದನ್ನು ಓದದೆ ದಾಟಿಬಿಡುತ್ತಾರೆ. ನಾನು ಹೀಗೆ ಬರೆದಿದ್ದೇನೆ: “20,000 ಕಿ.ಮೀ. ಓಡಿದಾಗ ಬದಲಿಸಿ. ಅಷ್ಟು ಓಡದಿದ್ದರೂ 2 ವರ್ಷ ತುಂಬಿದಾಗ ಬದಲಿಸಿ. ಕೆಸರು, ಕಚ್ಚಾ ದಾರಿಯಲ್ಲೇ ಜಾಸ್ತಿ ಓಡಿಸುವವರು ಇನ್ನೂ ಬೇಗ.” ಉದ್ದವಾಯಿತು, ಆದರೆ ಅಡ್ಡದಾರಿ ಉಳಿಯಲಿಲ್ಲ.

ಹಾಗೆಯೇ ‘ವೇಟ್’. ಡಬ್ಬಿಯ ಮೇಲಿನ 5ಡಬ್ಲ್ಯೂ, 10ಡಬ್ಲ್ಯೂ ನೋಡಿ ‘ತೂಕ’ ಅಂತ ಬರೆದರೆ ಅರ್ಥ ಕೆಡುತ್ತದೆ. ಹೇಳಬೇಕಾಗಿರುವುದು ಎಣ್ಣೆ ಎಷ್ಟು ಮಂದ ಅನ್ನುವುದನ್ನು. ಶಾಲೆಯ ಪುಸ್ತಕದ ‘ಸ್ನಿಗ್ಧತೆ’ಗಿಂತ ‘ಮಂದ’, ‘ತೆಳು’ ಸಲೀಸು. ಒಂದು ಕಂಪನಿಯ 10ಡಬ್ಲ್ಯೂ ಇನ್ನೊಂದರಷ್ಟೇ ಮಂದ ಇರಬೇಕೆಂದಿಲ್ಲ. 40 ಡಿಗ್ರಿ ಸೆಲ್ಸಿಯಸ್‌ನಲ್ಲಿ ಎಷ್ಟು ಸೆಂಟಿಸ್ಟೋಕ್ಸ್ (ಎಣ್ಣೆ ಎಷ್ಟು ಮಂದ ಅನ್ನುವುದರ ಅಳತೆ) ಅನ್ನುವುದನ್ನು ಹೋಲಿಸಬೇಕು. ಹಾಗಾಗಿ ಆ ಅಳತೆಯ ಹೆಸರನ್ನು ಇದ್ದಹಾಗೇ ಬಿಟ್ಟಿದ್ದೇನೆ.

ಈಗ ನಿಮ್ಮನ್ನು ಕೇಳಬೇಕಾದದ್ದು ‘ಕಸುವು’ ಬಗ್ಗೆ. ಮೈಗೆ, ಮಣ್ಣಿಗೆ ಈ ಮಾತು ಹೇಳುವುದು ಕೇಳಿದ್ದೇನೆ. ಎಣ್ಣೆಗೂ ಹೇಳುವುದುಂಟೇ? ಕೀಲೆಣ್ಣೆ ಹಳೆಯದಾಗಿ ಜಿಡ್ಡು ಕಳೆದುಕೊಂಡಾಗ ನಿಮ್ಮ ಕಡೆ ಏನನ್ನುತ್ತಾರೆ?